ಸಿಮೆಂಟ್ ಫ್ಯಾಕ್ಟರಿಯ ಸ್ವಂತ ಪವರ್ ಪ್ಲಾಂಟ್: ತೊಂದರೆ ಕಂಡಾಗ ಮೊದಲು ಎಲ್ಲಿ ನೋಡಬೇಕು

ಸೇಡಂ, ಮಳಖೇಡ, ವಾಡಿ, ಚಿತ್ತಾಪುರ. ಕಲಬುರಗಿ ಜಿಲ್ಲೆಯ ಈ ಕಾಗಿಣಾ ನದಿಯ ಸೀಮೆಯಲ್ಲಿ ನೆಲ ಅಗೆದರೆ ಸುಣ್ಣದಕಲ್ಲು ಸಿಗುತ್ತದೆ. ಅದಕ್ಕೇ ಇಲ್ಲಿ ಇಷ್ಟೊಂದು ಸಿಮೆಂಟ್ ಫ್ಯಾಕ್ಟರಿಗಳಿವೆ. ಅವುಗಳಲ್ಲಿ ಹಲವಕ್ಕೆ ಕಲ್ಲಿದ್ದಲಿನ ಸ್ವಂತ ಪವರ್ ಪ್ಲಾಂಟ್ ಇದೆ. ಒಂದು ಟನ್ ಸಿಮೆಂಟ್ ಮಾಡಲು ಸುಮಾರು 70ರಿಂದ 90 ಯೂನಿಟ್ ಕರೆಂಟ್ ಬೇಕು. ದಿನಕ್ಕೆ 8,000 ಟನ್ ಮಾಡುವ ಫ್ಯಾಕ್ಟರಿಗೆ ಲೆಕ್ಕ ಹಾಕಿ ನೋಡಿ, ಹಗಲು ರಾತ್ರಿ 27 ಮೆಗಾವ್ಯಾಟ್ ಹತ್ತಿರ ಆಗುತ್ತದೆ.

ನಾನು ಬರೆಯುತ್ತಿರುವುದು ಇಂಥದ್ದೇ 25-30 ಮೆಗಾವ್ಯಾಟ್ ಪ್ಲಾಂಟಿನ ಬಗ್ಗೆ. ಮರಳಿನಂಥ ಬೆಡ್ ಮೇಲೆ ಕಲ್ಲಿದ್ದಲು ಉರಿಯುವ ಎಎಫ್‌ಬಿಸಿ ಬಾಯ್ಲರ್, 11 ಕೆವಿ ಜನರೇಟರ್, ನೀರಿನ ಬದಲು ಗಾಳಿಯಲ್ಲಿ ತಣಿಸುವ ಕಂಡೆನ್ಸರ್. ಹೊಸದಾಗಿ ಶಿಫ್ಟಿಗೆ ಬರುವ ಐಟಿಐ, ಡಿಪ್ಲೊಮಾ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಎಷ್ಟೋ ವರ್ಷ ಶಿಫ್ಟ್ ಮಾಡಿದ ಮೇಲೆ ನನಗೆ ಮನದಟ್ಟಾಗಿದ್ದು ಇಷ್ಟು: ನಮ್ಮ ಪ್ಲಾಂಟಿನ ಬಹಳಷ್ಟು ತೊಂದರೆಗಳು ಪ್ಲಾಂಟಿನ ಒಳಗೆ ಹುಟ್ಟುವುದಿಲ್ಲ. ಕಲ್ಲಿದ್ದಲು ಯಾರ್ಡಿನಲ್ಲಿ ಹುಟ್ಟುತ್ತವೆ, ಇಲ್ಲವೇ ಪಕ್ಕದ ಕಿಲ್ನ್ (ಸುಣ್ಣದಕಲ್ಲು ಸುಡುವ, ತಿರುಗುವ ಕುಲುಮೆ) ಮತ್ತು ಅರೆಯುವ ಮಿಲ್ಲುಗಳ ಕಡೆಯಿಂದ ಬರುತ್ತವೆ. ನಾವು ಮಾತ್ರ ಕಂಟ್ರೋಲ್ ರೂಮಿನಲ್ಲಿ ಕೂತು ಬಾಯ್ಲರನ್ನೇ ಬೈಯುತ್ತಿರುತ್ತೇವೆ.

ಯಾವುದನ್ನೂ ಮುಟ್ಟುವ ಮೊದಲು

ಅಲಾರಂ ಬಂದ ಕೂಡಲೇ ವಾಲ್ವ್ ತಿರುಗಿಸಬೇಡಿ. ಕಳೆದ ಎರಡು ಗಂಟೆಯಲ್ಲಿ ಏನು ಬದಲಾಯಿತು ಅಂತ ಕೇಳಿಕೊಳ್ಳಿ. ಹೊಸ ರೇಕಿನ (ಗೂಡ್ಸ್ ರೈಲಿನ) ಕಲ್ಲಿದ್ದಲು ಬಂಕರಿಗೆ (ಬಾಯ್ಲರಿನ ಕಲ್ಲಿದ್ದಲು ತೊಟ್ಟಿಗೆ) ಬಂತಾ? ಸುಣ್ಣದಕಲ್ಲು ಅರೆಯುವ ರಾ ಮಿಲ್ ಶುರುವಾಯಿತಾ? ಗಾಳಿಯ ದಿಕ್ಕು ತಿರುಗಿತಾ? ಒಂದು ಫೋನ್ ಕಾಲ್‌ನಲ್ಲಿ ಇದೆಲ್ಲ ಗೊತ್ತಾಗುತ್ತದೆ, ಖರ್ಚೇನೂ ಇಲ್ಲ.

ಎರಡನೆಯದು, ಒಂದೇ ಮೀಟರ್ ನಂಬಬೇಡಿ. ಅದೇ ಸಂಗತಿಯನ್ನು ಬೇರೆ ದಾರಿಯಲ್ಲಿ ಹೇಳುವ ಇನ್ನೊಂದು ಮೀಟರ್ ಇದ್ದೇ ಇರುತ್ತದೆ. ಎರಡೂ ಒಂದೇ ಮಾತು ಹೇಳಿದರೆ ಮಾತ್ರ ತೊಂದರೆ ನಿಜ.

ಮೂರನೆಯದು, ಫೀಲ್ಡಿಗೆ ಹೋಗಿ ಕಿವಿ ಕೊಡಿ. ನಮ್ಮಲ್ಲಿ ಒಬ್ಬ ಹಿರಿಯ ಬಾಯ್ಲರ್ ಅಟೆಂಡೆಂಟ್ ಇದ್ದರು. "ಬ್ಯಾರೆ ಸಪ್ಪಳ ಬರ್ಲಾಕತ್ತದ ನೋಡ್ರಿ, ಸರ್" ಅಂತ ಅವರು ಹೇಳಿದರೆ ನಾನು ಹೆಲ್ಮೆಟ್ ಹಾಕಿಕೊಂಡು ಎದ್ದುಬಿಡುತ್ತಿದ್ದೆ. ಸ್ಕ್ರೀನ್ ಮೇಲೆ ಏನೂ ಕಾಣದಿದ್ದಾಗಲೂ ಅವರ ಕಿವಿಗೆ ತಿಳಿಯುತ್ತಿತ್ತು.

ಆದರೆ ಸಪ್ಪಳ ಹುಡುಕುವಾಗ ಒಂದು ಎಚ್ಚರ ಬೇಕು. 480 ಡಿಗ್ರಿ ದಾಟಿದ ಸ್ಟೀಮ್ ಕಣ್ಣಿಗೆ ಕಾಣುವುದಿಲ್ಲ. ಬಿಳಿ ಮೋಡದ ಹಾಗೆ ಕಾಣುವುದು ಆಗಲೇ ತಣಿದ ಸ್ಟೀಮ್. ಸೋರುವ ಜಾಗದ ಹತ್ತಿರ ಗಾಳಿ ತಿಳಿಯಾಗಿಯೇ ಇರುತ್ತದೆ, ಅಲ್ಲಿ ಕೈ ಚಾಚಿದರೆ ಕೈ ಉಳಿಯುವುದಿಲ್ಲ. ಸಿಳ್ಳೆ ಕೇಳಿಸಿತು, ಮೂಲ ಕಾಣಲಿಲ್ಲ ಅಂದರೆ ಬಂದ ದಾರಿಯಲ್ಲೇ ಹಿಂದಕ್ಕೆ ಬನ್ನಿ. ಆ ಜಾಗಕ್ಕೆ ಹಗ್ಗ ಕಟ್ಟಿಸಿ, ಶಿಫ್ಟ್ ಇನ್‌ಚಾರ್ಜ್‌ಗೆ ಹೇಳಿ.

ಕೊನೆಯದು ಟ್ರಿಪ್ ಬೈಪಾಸ್. ಟ್ರಿಪ್ ಅಂದರೆ ಅಪಾಯ ಕಂಡಾಗ ಯಂತ್ರ ತಾನಾಗೇ ನಿಲ್ಲುವುದು. ಅದನ್ನು ತಡೆದು ಓಡಿಸುವುದೇ ಬೈಪಾಸ್ ಅಥವಾ ಫೋರ್ಸ್. "ಕಿಲ್ನ್ ನಿಲ್ಲುತ್ತದೆ, ಇದೊಂದು ಸಲ ಫೋರ್ಸ್ ಮಾಡಿ" ಅಂತ ಪಕ್ಕದಿಂದ ಒತ್ತಡ ಬಂದೇ ಬರುತ್ತದೆ. ಡ್ರಮ್ ಲೆವೆಲ್ (ಬಾಯ್ಲರ್ ಡ್ರಮ್ಮಿನ ನೀರಿನ ಮಟ್ಟ), ಲ್ಯೂಬ್ ಆಯಿಲ್ ಒತ್ತಡ, ಓವರ್‌ಸ್ಪೀಡ್, ವೈಬ್ರೇಷನ್, ಫರ್ನೇಸ್ ಒತ್ತಡ. ಈ ಐದನ್ನು ಯಾರು ಹೇಳಿದರೂ ಫೋರ್ಸ್ ಮಾಡಬೇಡಿ. ನಿಂತ ಕಿಲ್ನ್ ಮರುದಿನ ಮತ್ತೆ ಹತ್ತಿಕೊಳ್ಳುತ್ತದೆ.

ಸ್ಟೀಮ್ ಒತ್ತಡ ನಿಲ್ಲುತ್ತಿಲ್ಲ, ಲೋಡ್ ಏರುತ್ತಿಲ್ಲ

ಶಿಫ್ಟಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಇದೇ. ಮೊದಲು ಸ್ಟೀಮ್ ಫ್ಲೋ ನೋಡಿ. ಒತ್ತಡ ಬೀಳುತ್ತಿದ್ದರೂ ಫ್ಲೋ ಏರಿದ್ದರೆ ಬಾಯ್ಲರ್ ತಪ್ಪಲ್ಲ, ಟರ್ಬೈನ್ ಜಾಸ್ತಿ ಕೇಳುತ್ತಿದೆ. ಹೊಸ ಮಿಲ್ ಶುರುವಾಗಿರಬೇಕು, ಇಲ್ಲವೇ ಕಂಡೆನ್ಸರಿನ ವ್ಯಾಕ್ಯೂಮ್ (ನಿರ್ವಾತ) ಕೆಟ್ಟಿರಬೇಕು. ವ್ಯಾಕ್ಯೂಮ್ ಕೆಟ್ಟರೆ ಅಷ್ಟೇ ಮೆಗಾವ್ಯಾಟಿಗೆ ಹೆಚ್ಚು ಸ್ಟೀಮ್ ಬೇಕಾಗುತ್ತದೆ. ಹಾಗಿದ್ದರೆ ನೇರವಾಗಿ ವ್ಯಾಕ್ಯೂಮ್ ಭಾಗಕ್ಕೆ ಹೋಗಿ.

ಫ್ಲೋ ಕೂಡ ಬಿದ್ದಿದ್ದರೆ ಆಕ್ಸಿಜನ್ ಮೀಟರ್ ನೋಡಿ. ಸಾಮಾನ್ಯವಾಗಿ ಹೊಗೆಯಲ್ಲಿ 3ರಿಂದ 5 ಶೇಕಡಾ ಆಕ್ಸಿಜನ್ ಇರುತ್ತದೆ. ಒತ್ತಡ ಬಿದ್ದು ಆಕ್ಸಿಜನ್ ಏರಿದ್ದರೆ, ಗಾಳಿ ಬರುತ್ತಿದೆ, ಕಲ್ಲಿದ್ದಲು ಬರುತ್ತಿಲ್ಲ ಅಂತ ಅರ್ಥ. ಫೀಡರ್ ತಿರುಗುತ್ತಿದೆಯಲ್ಲ ಅಂತ ನೀವು ಕೇಳಬಹುದು. ಫೀಡರ್ ಖಾಲಿಯೂ ತಿರುಗುತ್ತದೆ. ಮಳೆಗಾಲದಲ್ಲಿ ಒದ್ದೆ ಪುಡಿ ಬಂಕರಿನ ಗೋಡೆಗೆ ಅಂಟಿ, ನಡುವೆ ಇಲಿ ಬಿಲದಂತೆ ತೂತಾಗುತ್ತದೆ. ಮೇಲಿಂದ ನೋಡಿದರೆ ಬಂಕರ್ ತುಂಬಿದೆ, ಕೆಳಗೆ ಏನೂ ಇಳಿಯುತ್ತಿಲ್ಲ.

ಇಲ್ಲಿ ಮಾಡಬಹುದಾದ ಪರೀಕ್ಷೆ ಬಹಳ ಸುಲಭ. ಬೆಲ್ಟ್ ನಿಲ್ಲಿಸಿ ಲಾಕ್ ಮಾಡಿದ ಮೇಲೆ, ಅದರ ಮೇಲಿನ ಕಲ್ಲಿದ್ದಲನ್ನು ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿ. ಬಿಟ್ಟಾಗ ಉದುರಿದರೆ ಪರವಾಗಿಲ್ಲ. ಉಂಡೆಯಾಗಿ ನಿಂತರೆ ಅದು ಬಂಕರಿನಲ್ಲೂ ಹಾಗೇ ನಿಲ್ಲುತ್ತದೆ. ಆಮೇಲೆ ಜರಡಿ ಹಿಡಿಯಿರಿ. ಬೆಡ್ಡಿನ ಕೆಳಗಿಂದ ಫೀಡ್ ಆಗುವ ಬಾಯ್ಲರಿಗೆ ಕಲ್ಲಿದ್ದಲು ಹೆಚ್ಚುಕಡಿಮೆ 6 ಮಿಲಿಮೀಟರ್ ಒಳಗೆ ಇರಬೇಕು. ದಪ್ಪ ಕಾಳು ಜಾಸ್ತಿ ಕಂಡರೆ ಕ್ರಷರಿನ ಹ್ಯಾಮರ್ ಸವೆದಿದೆ, ಇಲ್ಲವೇ ಸ್ಕ್ರೀನ್ ಹರಿದಿದೆ.

ಬಂಕರಿಗೆ ಮಾತ್ರ ಯಾರೂ ಇಳಿಯಬಾರದು. "ಒಂದು ಸಲ ಕಬ್ಬಿಣದ ರಾಡ್ ಹಾಕಿ ಕೆಡವಿ ಬರ್ತೀನಿ" ಅಂದವರು ನಿಂತ ಪದರ ಕುಸಿದು ಹೂತುಹೋಗುತ್ತಾರೆ. ಒಳಗೆ ಕಾರ್ಬನ್ ಮೊನಾಕ್ಸೈಡ್ ಕೂಡ ಇರಬಹುದು, ಅದಕ್ಕೆ ವಾಸನೆಯಿಲ್ಲ. ಹೊರಗಿನ ವೈಬ್ರೇಟರ್, ಏರ್ ಬ್ಲಾಸ್ಟರ್, ಪೋಕ್ ಹೋಲ್ ಇವಿಷ್ಟೇ ದಾರಿ. ಇವುಗಳಿಂದ ಆಗಲಿಲ್ಲ ಅಂದರೆ ಫೀಡರ್ ನಿಲ್ಲಿಸಿ, ಪರ್ಮಿಟ್ ತೆಗೆದು, ಸೇಫ್ಟಿಯವರನ್ನು ಕರೆಯಿರಿ.

ಒತ್ತಡ ಬಿದ್ದು ಆಕ್ಸಿಜನ್ ಕೂಡ ಬಿದ್ದಿದ್ದರೆ ಕಥೆ ಉಲ್ಟಾ. ಕಲ್ಲಿದ್ದಲು ಹೋಗುತ್ತಿದೆ, ಗಾಳಿ ಸಾಲುತ್ತಿಲ್ಲ. ಬಾಯ್ಲರಿಗೆ ಗಾಳಿ ತಳ್ಳುವ ಎಫ್‌ಡಿ ಫ್ಯಾನಿನ ಡ್ಯಾಂಪರ್ (ಗಾಳಿಯ ಬಾಗಿಲು) ಲಿಂಕ್ ಬಿಚ್ಚಿಕೊಂಡಿರಬಹುದು: ಸ್ಕ್ರೀನಿನಲ್ಲಿ 70 ಶೇಕಡಾ ತೆರೆದಿದೆ ಅಂತ ಇರುತ್ತದೆ, ಫೀಲ್ಡಿನಲ್ಲಿ ಅರ್ಧವೂ ತೆರೆದಿರುವುದಿಲ್ಲ. ಹೋಗಿ ಕಣ್ಣಾರೆ ನೋಡಿ. ಏರ್ ಹೀಟರ್ ಟ್ಯೂಬ್ ತೂತಾಗಿದ್ದರೆ ಗಾಳಿ ಬೆಡ್ಡಿಗೆ ಹೋಗದೆ ನೇರ ಹೊಗೆಗೆ ಸೇರುತ್ತದೆ. ಆಗ ಹೊಗೆ ಎಳೆಯುವ ಐಡಿ ಫ್ಯಾನಿನ ಆಂಪಿಯರ್ ಏರುತ್ತದೆ, ಹೊಗೆ ಬೇಗ ತಣಿಯುತ್ತದೆ. ಇದನ್ನು ಸರಿಮಾಡಲು ಶಟ್‌ಡೌನ್ ಬೇಕು.

ಬೆಡ್ಡಿನ ಒಂದು ಮೂಲೆ ಮಾತ್ರ ತಣ್ಣಗಾಗುತ್ತಿದೆ

ಬೆಡ್ಡಿನ ತಾಪ ಸಾಮಾನ್ಯವಾಗಿ 850ರಿಂದ 900 ಡಿಗ್ರಿ. ಅದನ್ನು ಅಳೆಯುವ ಆರೇಳು ಥರ್ಮೋಕಪಲ್‌ಗಳಲ್ಲಿ ಒಂದು ಮಾತ್ರ ಇಳಿಯುತ್ತಿದ್ದರೆ ಮೊದಲು ಆ ಥರ್ಮೋಕಪಲನ್ನೇ ಅನುಮಾನಿಸಿ. ಟ್ರೆಂಡ್ ತೆರೆದು ನೋಡಿ. ಜೀವಂತ ಬೆಡ್ ಯಾವಾಗಲೂ ಸ್ವಲ್ಪ ಅಲುಗಾಡುತ್ತಿರುತ್ತದೆ, ಗೆರೆ ಹಲ್ಲು ಹಲ್ಲಾಗಿರುತ್ತದೆ. ಹಾಳೆಯ ಮೇಲೆ ಸ್ಕೇಲ್ ಇಟ್ಟು ಎಳೆದಂತೆ ನೇರ ಗೆರೆ ಬಂದರೆ ಅಥವಾ ಒಮ್ಮೆಲೇ ಜಿಗಿದರೆ ಥರ್ಮೋಕಪಲ್ ಸವೆದಿದೆ. ಇನ್‌ಸ್ಟ್ರುಮೆಂಟ್‌ನವರು ಬದಲಿಸಲಿ.

ಗೆರೆ ಅಲುಗಾಡುತ್ತಲೇ ನಿಧಾನಕ್ಕೆ ಇಳಿಯುತ್ತಿದ್ದರೆ ಆ ಭಾಗಕ್ಕೆ ಹೋಗುವ ಕಲ್ಲಿದ್ದಲು ಲೈನ್ ಚೋಕ್ ಆಗಿರಬಹುದು. ಆ ಲೈನಿಗೂ ಪಕ್ಕದ ಲೈನಿಗೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಹೋಲಿಸಿ. ಓಡುತ್ತಿರುವ ಲೈನ್ ಟಣ್ ಅನ್ನುತ್ತದೆ, ಕಟ್ಟಿಕೊಂಡದ್ದು ಮೊದ್ದಾಗಿ ಕೇಳಿಸುತ್ತದೆ. ತಾಪ ಅಳೆಯುವ ಗನ್ ಇದ್ದರೆ ಅದನ್ನೂ ಹಿಡಿಯಿರಿ. ಪೈಪ್ ತೀರಾ ಬಿಸಿ ತೋರಿಸಿದರೆ, ಕಲ್ಲಿದ್ದಲನ್ನು ತಳ್ಳಿಕೊಂಡು ಹೋಗುವ ಪಿಎ ಗಾಳಿಯ ಒತ್ತಡ ಬಿದ್ದು ಬೆಡ್ಡಿನ ಕೆಂಡ ಹಿಂದಕ್ಕೆ ಬರುತ್ತಿದೆ ಅಂತ ಅರ್ಥ. ಆ ಲೈನಿನ ಫೀಡ್ ಕೂಡಲೇ ನಿಲ್ಲಿಸಿ. ಪೈಪ್ ಕೆಂಪಾಗಿದ್ದರೆ ಹತ್ತಿರ ಯಾರೂ ನಿಲ್ಲಬಾರದು.

ಒಂದು ಥರ್ಮೋಕಪಲ್ ಇಳಿದು ಪಕ್ಕದ್ದು ಏರುತ್ತಿದ್ದರೆ, ಜೊತೆಗೆ ಆ ಕಡೆಯ ಬೂದಿ ಡ್ರೇನ್ ಇಳಿಯದಿದ್ದರೆ, ಅದು ಕ್ಲಿಂಕರ್. ಒಂದೇ ಹೆಸರು, ಎರಡು ಲೋಕ. ಕಿಲ್ನ್ ಕಡೆ ಕ್ಲಿಂಕರ್ ಅಂದರೆ ಅರೆದು ಸಿಮೆಂಟ್ ಮಾಡುವ ಗಟ್ಟಿಗಳು, ಫ್ಯಾಕ್ಟರಿಯ ಬೆಳೆ. ನಮ್ಮ ಬೆಡ್ಡಿನಲ್ಲಿ ಕ್ಲಿಂಕರ್ ಅಂದರೆ ಬೂದಿ ಕರಗಿ ಗಟ್ಟಿಯಾದ ಬಂಡೆ. ತಾಪ 950 ದಾಟಿದಾಗ, ಗಾಳಿ ಕಡಿಮೆಯಾದಾಗ ಅಥವಾ ಕಲ್ಲಿದ್ದಲಿನ ಜೊತೆ ಬಂದ ಕಲ್ಲುಗಳು ತಳದಲ್ಲಿ ಕೂತಾಗ ಇದು ಶುರುವಾಗುತ್ತದೆ. ಬೇಗ ಗೊತ್ತಾದರೆ ಆ ಭಾಗದ ಫೀಡ್ ಕಡಿಮೆ ಮಾಡಿ, ಗಾಳಿ ಏರಿಸಿ, ಬೂದಿ ಡ್ರೇನ್ ಮಾಡಿ, ಹೊಸ ಬೆಡ್ ಮೆಟೀರಿಯಲ್ ಹಾಕಿ ನೋಡಬಹುದು. ಅರ್ಧ ಗಂಟೆಯಲ್ಲಿ ಬದಲಾವಣೆ ಕಾಣದಿದ್ದರೆ ಬಂಡೆ ದೊಡ್ಡದಾಗಿದೆ. ಇನ್ನು ಬಾಯ್ಲರ್ ನಿಲ್ಲಿಸಿ, ಪೂರ್ತಿ ತಣಿಸಿ, ಒಡೆದು ತೆಗೆಯಬೇಕು.

ತಣಿದ ಬೆಡ್ಡಿನ ಮೇಲೆ "ಹತ್ತಿಕೊಳ್ಳಲಿ" ಅಂತ ಕಲ್ಲಿದ್ದಲು ಸುರಿಯಬೇಡಿ. ನಿಮ್ಮ ಬಾಯ್ಲರಿನ ಕೈಪಿಡಿಯಲ್ಲಿ ಕಲ್ಲಿದ್ದಲು ಬಿಡಲು ಕನಿಷ್ಠ ಬೆಡ್ ತಾಪ ಕೊಟ್ಟಿರುತ್ತಾರೆ. ಅದಕ್ಕಿಂತ ಕೆಳಗಿದ್ದರೆ ಹಾಕಿದ್ದು ಉರಿಯದೆ ಸೇರಿಕೊಳ್ಳುತ್ತದೆ. ಆಮೇಲೆ ಒಮ್ಮೆಲೇ ಹತ್ತಿಕೊಂಡಾಗ ಫರ್ನೇಸ್ ಸ್ಫೋಟವಾಗುತ್ತದೆ.

ಇನ್ನು ಬೂದಿ. ನಮ್ಮ ಕಲ್ಲಿದ್ದಲಿನಲ್ಲಿ ನೂರು ಕಿಲೋಗೆ 35-40 ಕಿಲೋ ಬೂದಿಯೇ ಇರುತ್ತದೆ, ಹಾಗಾಗಿ ಡ್ರೇನ್, ಹಾಪರ್ (ಬೂದಿ ಬೀಳುವ ತೊಟ್ಟಿ) ಕಟ್ಟಿಕೊಳ್ಳುವುದು ದಿನದ ಮಾತು. ಕಟ್ಟಿಕೊಂಡ ಹಾಪರ್ ಬಾಗಿಲು ತೆರೆದು ಚುಚ್ಚುವುದು ಈ ಪ್ಲಾಂಟಿನ ಅತಿ ಅಪಾಯದ ಕೆಲಸ. ಮೇಲೆ ಬೂದು ಬಣ್ಣಕ್ಕೆ ತಿರುಗಿದ ಬೂದಿಯ ಒಳಗೆ ಕೆಂಡ ಇರುತ್ತದೆ. ಕಟ್ಟು ಒಡೆದ ಕ್ಷಣ ಅದು ನೀರಿನಂತೆ ಹರಿಯುತ್ತದೆ. ಅದರ ಮೇಲೆ ನೀರು ಬಿದ್ದರೆ ಆ ಕ್ಷಣವೇ ಸ್ಟೀಮ್ ಆಗಿ ಸಿಡಿಯುತ್ತದೆ. 2017ರ ನವೆಂಬರ್ 1ರಂದು ಉತ್ತರ ಪ್ರದೇಶದ ಊಂಚಾಹಾರ್ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ತಳದಲ್ಲಿ ಬೂದಿ ಕಟ್ಟಿಕೊಂಡು ನಡೆದ ದುರಂತದಲ್ಲಿ 40ಕ್ಕೂ ಹೆಚ್ಚು ಜನ ತೀರಿಕೊಂಡರು. ಅದು ನಮ್ಮದಕ್ಕಿಂತ ಎಷ್ಟೋ ದೊಡ್ಡ ಯೂನಿಟ್. ಆದರೆ ಬಿಸಿ ಬೂದಿ ಸುಡುವ ರೀತಿ ಎಲ್ಲ ಕಡೆ ಒಂದೇ. ಚಾಲೂ ಬಾಯ್ಲರಿನ ಕೆಳಗೆ ಜನ ಸೇರಿಸಬೇಡಿ. ಎರಡು ಕಡೆ ಓಡಿಹೋಗುವ ದಾರಿ, ಶಾಖ ತಡೆಯುವ ಅಂಗಿ, ಪರ್ಮಿಟ್ ಇಲ್ಲದೆ ಆ ಬಾಗಿಲು ತೆರೆಯಬಾರದು.

ಡಿಎಂ ನೀರು ಜಾಸ್ತಿ ಬೇಕಾಗುತ್ತಿದೆ

ಡಿಎಂ ಅಂದರೆ ಲವಣ ತೆಗೆದ ಶುದ್ಧ ನೀರು. ಒಳ್ಳೆಯ ಪ್ಲಾಂಟಿನಲ್ಲಿ, ಕಳೆದದ್ದನ್ನು ತುಂಬಲು ಹಾಕುವ ಮೇಕಪ್ ನೀರು ಸ್ಟೀಮ್ ಫ್ಲೋದ 1ರಿಂದ 2 ಶೇಕಡಾ. ಗಂಟೆಗೆ 120 ಟನ್ ಸ್ಟೀಮ್ ಮಾಡುವ ಬಾಯ್ಲರಿಗೆ ಗಂಟೆಗೆ ಎರಡು ಟನ್ ಆಸುಪಾಸು ಅನ್ನಿ. ಇದು ನಾಲ್ಕಾದರೆ ಸುಮ್ನೆ ಬಿಡಬೇಡಿ.

ಮೊದಲು ಲ್ಯಾಬಿಗೆ ಫೋನ್ ಮಾಡಿ. ಸಿಲಿಕಾ ಏರಿತು ಅಂತ ಅವರೇ ಬ್ಲೋಡೌನ್ (ಬಾಯ್ಲರಿನ ನೀರು ಹೊರಬಿಡುವುದು) ಜಾಸ್ತಿ ಬಿಟ್ಟಿರಬಹುದು. ಅಲ್ಲಿ ಇಲ್ಲ ಅಂದರೆ ತಾಪದ ಗನ್ ಹಿಡಿದು ಡ್ರೇನ್ ವಾಲ್ವ್‌ಗಳ ಸುತ್ತು ಹಾಕಿ. ಮುಚ್ಚಿದ ವಾಲ್ವಿನ ಆಚೆ ಬದಿಯ ಪೈಪ್ ಬಿಸಿಯಿದ್ದರೆ ಆ ವಾಲ್ವ್ ಒಳಗೊಳಗೇ ಬಿಡುತ್ತಿದೆ. ಒಮ್ಮೆ ನಾವು ಟ್ಯೂಬ್ ಲೀಕ್ ಅಂತಲೇ ಹೆದರಿ ಶಟ್‌ಡೌನ್‌ಗೆ ತಯಾರಾಗಿದ್ದೆವು. ಕೊನೆಗೆ ಸಿಕ್ಕಿದ್ದು ಸ್ಟಾರ್ಟಪ್ ವೆಂಟಿನ ಸವೆದ ಸೀಟ್. ಚಾವಣಿಯ ಮೇಲೆ ಹೋಗಿ ನೋಡಲು ಹತ್ತು ನಿಮಿಷ ಸಾಕಿತ್ತು, ಯಾರೂ ಹೋಗಿರಲಿಲ್ಲ.

ವಾಲ್ವ್‌ಗಳೆಲ್ಲ ಸರಿಯಿದ್ದರೆ ಈ ಗುರುತುಗಳನ್ನು ಒಟ್ಟಿಗೆ ನೋಡಿ. ನೀರಿನ ಫ್ಲೋಗೂ ಸ್ಟೀಮ್ ಫ್ಲೋಗೂ ಅಂತರ ಹೆಚ್ಚುತ್ತಿದೆ. ಅಷ್ಟೇ ಲೋಡಿಗೆ ಐಡಿ ಫ್ಯಾನ್ ಜಾಸ್ತಿ ಆಂಪಿಯರ್ ಎಳೆಯುತ್ತಿದೆ. ಎಕನಾಮೈಸರ್ (ಹೊಗೆಯ ಬಿಸಿಯಿಂದ ನೀರು ಕಾಯಿಸುವ ಭಾಗ) ಹಾಪರಿನ ಬೂದಿ ಒದ್ದೆಯಾಗಿ ಬರುತ್ತಿದೆ. ಪೀಪ್ ಹೋಲ್ ಹತ್ತಿರ ಬುಸ್ ಅನ್ನುವ ಸಪ್ಪಳ. ಎರಡು ಮೂರು ಸೇರಿದರೆ ಅದು ಟ್ಯೂಬ್ ಲೀಕ್. "ಈ ವಾರ ಓಡಿಸಿ ಭಾನುವಾರ ನೋಡೋಣ" ಅನ್ನುವುದು ದುಬಾರಿ ಮಾತು. ಚಿಮ್ಮುವ ನೀರು, ಅದರ ಜೊತೆಗಿನ ಬೂದಿ ಸೇರಿ ಪಕ್ಕದ ಟ್ಯೂಬನ್ನು ಗರಗಸದಂತೆ ಕೊಯ್ಯುತ್ತವೆ. ಇಂದು ಒಂದು ಟ್ಯೂಬ್, ಭಾನುವಾರ ಏಳೆಂಟು. ಲೋಡ್ ಇಳಿಸಿ ನಿಲ್ಲಿಸುವುದೇ ಸರಿ.

ಒಳಗಿನ ವೆಲ್ಡಿಂಗ್ ನಮ್ಮ ಕೆಲಸವಲ್ಲ. ಪ್ರಮಾಣಪತ್ರ ಇರುವ ಬಾಯ್ಲರ್ ವೆಲ್ಡರ್ ಬೇಕು, ಬಾಯ್ಲರ್ ಇನ್‌ಸ್ಪೆಕ್ಟರಿಗೆ ತಿಳಿಸಬೇಕು. ಕರ್ನಾಟಕದಲ್ಲಿ ಇದನ್ನು ನೋಡುವುದು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ.

ಮಧ್ಯಾಹ್ನ ಆದರೆ ವ್ಯಾಕ್ಯೂಮ್ ಬೀಳುತ್ತದೆ

ನಮ್ಮ ಸೀಮೆಯ ಪ್ಲಾಂಟುಗಳಿಗೆ ಇದು ಬೇಸಿಗೆಯ ಕಾಯಿಲೆ. ಮೇ ತಿಂಗಳಲ್ಲಿ ಕಲಬುರಗಿ ಕಡೆ ಬಿಸಿಲು 42-43 ಡಿಗ್ರಿ ಮುಟ್ಟುತ್ತದೆ. ನೀರು ಉಳಿಸಲೆಂದು ಗಾಳಿ ಕಂಡೆನ್ಸರ್ ಹಾಕಿದ್ದೇವೆ, ಆ ಗಾಳಿಯೇ ಬಿಸಿ. ಹಾಗಾಗಿ ಮಧ್ಯಾಹ್ನ ವ್ಯಾಕ್ಯೂಮ್ ಒಂದಿಷ್ಟು ಇಳಿಯುವುದು ಸಹಜ, ಅದು ದೋಷವಲ್ಲ. ಹೋದ ವರ್ಷದ ಇದೇ ತಿಂಗಳ, ಇದೇ ತಾಪದ, ಇದೇ ಲೋಡಿನ ದಿನವನ್ನು ಲಾಗ್‌ಬುಕ್‌ನಲ್ಲಿ ಹುಡುಕಿ ಹೋಲಿಸಿ. ಅದಕ್ಕಿಂತ ಕೆಟ್ಟಿದ್ದರೆ ಮಾತ್ರ ಮುಂದೆ ಓದಿ.

ಒಂದು ಥರ್ಮಾಮೀಟರ್, ಒಂದು ಪ್ರೆಷರ್ ಗೇಜ್ ಇದ್ದರೆ ಅರ್ಧ ರೋಗ ಗೊತ್ತಾಗುತ್ತದೆ. ಸ್ಟೀಮ್ ನೀರಾಗುವ ತಾಪಕ್ಕೂ ಒತ್ತಡಕ್ಕೂ ಬಿಡಿಸಲಾಗದ ನಂಟಿದೆ. ಸಂಪೂರ್ಣ ಒತ್ತಡ 0.10 ಬಾರ್ ಇದ್ದರೆ ತಾಪ 46 ಡಿಗ್ರಿ, 0.15ಕ್ಕೆ 54, 0.20ಕ್ಕೆ 60, 0.25ಕ್ಕೆ 65, 0.30ಕ್ಕೆ 69. ಇದನ್ನು ಒಂದು ಚೀಟಿಯಲ್ಲಿ ಬರೆದು ಡೆಸ್ಕಿಗೆ ಅಂಟಿಸಿಕೊಳ್ಳಿ. ಈಗ ಟರ್ಬೈನ್ ಎಗ್ಸಾಸ್ಟ್ ಒತ್ತಡ ಮತ್ತು ಕಂಡೆನ್ಸೇಟ್ ತಾಪ ಎರಡನ್ನೂ ಓದಿ. ಒತ್ತಡ 0.25 ಬಾರ್, ಕಂಡೆನ್ಸೇಟ್ 63-64 ಡಿಗ್ರಿ ಇದ್ದರೆ ಎರಡೂ ಹೊಂದುತ್ತವೆ. ಒಳಗೆ ಗಾಳಿ ಸೇರಿಲ್ಲ, ಹೊರಗೆ ತಣಿಸುವುದು ಸಾಲುತ್ತಿಲ್ಲ ಅಷ್ಟೇ. ಅದೇ 0.25 ಬಾರಿಗೆ ಕಂಡೆನ್ಸೇಟ್ 54 ಡಿಗ್ರಿ ಇದ್ದರೆ ಒಳಗೆ ಗಾಳಿ ಸೇರಿದೆ. ಚೀಟಿಯ ಪ್ರಕಾರ ಸ್ಟೀಮಿನ ಪಾಲು 0.15 ಮಾತ್ರ, ಉಳಿದದ್ದು ಹೊರಗಿನ ಗಾಳಿ. ಜೊತೆಗೆ ಲ್ಯಾಬ್ ರಿಪೋರ್ಟಿನಲ್ಲಿ ಕಂಡೆನ್ಸೇಟಿನ ಆಕ್ಸಿಜನ್ ಏರಿದ್ದರೆ ಅನುಮಾನವೇ ಬೇಡ.

ಹೊರಗಿನ ತೊಂದರೆ ಅಂತ ಗೊತ್ತಾದರೆ ಫ್ಯಾನುಗಳನ್ನು ಎಣಿಸಿ. ಸ್ಕ್ರೀನಿನಲ್ಲಿ ಅಲ್ಲ, ಕೆಳಗೆ ನಿಂತು. ಮೋಟಾರ್ ತಿರುಗುತ್ತಿದ್ದು ಗೇರ್‌ಬಾಕ್ಸ್ ಕಪ್ಲಿಂಗ್ ಹೋಗಿದ್ದರೆ ಫ್ಯಾನ್ ನಿಂತಿರುತ್ತದೆ. ಆಂಪಿಯರ್ ತೀರಾ ಕಡಿಮೆ ತೋರಿಸುವ ಫ್ಯಾನ್ ಮೇಲೆ ಕಣ್ಣಿಡಿ. ಆಮೇಲೆ ಫಿನ್‌ಗಳು, ಅಂದರೆ ಕಂಡೆನ್ಸರ್ ಟ್ಯೂಬಿನ ಮೇಲಿನ ತೆಳು ಪಟ್ಟಿಗಳು. ನಮ್ಮ ಒಂದು ಮೇ ತಿಂಗಳಲ್ಲಿ ಮೂರು ದಿನ ವ್ಯಾಕ್ಯೂಮ್ ಬಿದ್ದೇ ಇತ್ತು. ಒಳಗಿನ ಗಾಳಿ ಹೊರಗೆಳೆಯುವ ಎಜೆಕ್ಟರ್ ಬಿಚ್ಚಿದೆವು, ನಾಜಲ್ ತೊಳೆದೆವು, ಶಾಫ್ಟಿನ ಸುತ್ತ ಗಾಳಿ ನುಗ್ಗದಂತೆ ತಡೆಯುವ ಗ್ಲ್ಯಾಂಡ್ ಸ್ಟೀಮ್ ಏರಿಸಿದೆವು, ಏನೂ ಆಗಲಿಲ್ಲ. ನಾಲ್ಕನೇ ದಿನ ಮೇಲೆ ಹತ್ತಿದ ಒಬ್ಬ ಹುಡುಗ ಬಂದು ಹೇಳಿದ, ಫಿನ್‌ಗಳ ನಡುವೆ ಬೂದು ಪುಡಿ ತುಂಬಿದೆ ಅಂತ. ಗಾಳಿ ತಿರುಗಿ ಕ್ಲಿಂಕರ್ ಯಾರ್ಡಿನ ದೂಳು ನೇರ ನಮ್ಮ ಕಂಡೆನ್ಸರಿಗೆ ಬರುತ್ತಿತ್ತು. ಹಿಂದಿನ ವಾರ ಎರಡು ಹನಿ ಮಳೆ ಬಿದ್ದು ಆ ಪುಡಿ ಫಿನ್ ಮೇಲೆಯೇ ಗಟ್ಟಿಯಾಗಿತ್ತು. ಸಿಮೆಂಟಿನ ಗುಣವೇ ಅದು, ಅಲ್ವಾ? ಅಂದಿನಿಂದ ಮಾರ್ಚ್‌ನಲ್ಲೇ ಒಂದು ತೊಳೆತ, ಗಾಳಿಮಳೆ ಆದ ಮಾರನೇ ದಿನ ಇನ್ನೊಂದು ಅಂತ ರೂಢಿ ಮಾಡಿಕೊಂಡೆವು.

ತೊಳೆಯುವಾಗ ಬರೀ ನೀರು, ಫಿನ್‌ಗೆ ನೇರವಾಗಿ, ನಾಜಲ್ ದೂರ ಹಿಡಿದು. ಓರೆಯಾಗಿ ಜೋರು ಒತ್ತಡ ಬಿಟ್ಟರೆ ಅಲ್ಯುಮಿನಿಯಂ ಫಿನ್ ಮಡಚಿಕೊಳ್ಳುತ್ತದೆ, ಆಮೇಲೆ ಗಾಳಿ ಹೋಗುವುದೇ ಇಲ್ಲ. ಆ ಸಾಲಿನ ಫ್ಯಾನ್ ಲಾಕ್ ಮಾಡಿ, ಕೊಕ್ಕೆ ಹಾಕಿದ ಬೆಲ್ಟ್ ತೊಟ್ಟು ಕೆಲಸ ಮಾಡಿ.

ಒಳಗೆ ಗಾಳಿ ಸೇರಿದ್ದರೆ ಅಗ್ಗದ್ದರಿಂದ ಶುರು ಮಾಡಿ. ಗ್ಲ್ಯಾಂಡ್ ಸ್ಟೀಮ್ ಒತ್ತಡ ಸರಿಯಿದೆಯಾ? ಎಜೆಕ್ಟರಿಗೆ ಬರುವ ಸ್ಟೀಮ್ ಒತ್ತಡ? ಮೊನ್ನೆ ಯಾರಾದರೂ ಗೇಜ್ ಬದಲಿಸಿ ವಾಲ್ವ್ ಅರೆಬರೆ ಬಿಟ್ಟರಾ? ವ್ಯಾಕ್ಯೂಮ್ ಬ್ರೇಕರಿನ ನೀರಿನ ಸೀಲ್ ಒಣಗಿದೆಯಾ? ಇವೆಲ್ಲ ಸರಿಯಿದ್ದರೆ ಫ್ಲ್ಯಾಂಜ್‌ಗಳಿಗೆ ಶೇವಿಂಗ್ ಫೋಮ್ ಹಚ್ಚಿ. ಎಲ್ಲಿ ನೊರೆ ಒಳಕ್ಕೆ ಗುಂಡಿ ಬೀಳುತ್ತದೋ ಅಲ್ಲೇ ಲೀಕ್. ಡಕ್ಟಿನ ವೆಲ್ಡಿಂಗ್ ಬಿರುಕು ಇದರಿಂದ ಸಿಗದು, ಅದಕ್ಕೆ ಹೀಲಿಯಂ ಪರೀಕ್ಷೆ ಮಾಡುವವರನ್ನು ಕರೆಸಬೇಕು.

ಅಷ್ಟರವರೆಗೆ ಲೋಡ್ ಇಳಿಸಿ ಓಡಿಸಿ. ಕಿಲ್ನ್‌ನವರಿಗೆ ಹೇಳಿ, ಒಂದು ಸಿಮೆಂಟ್ ಮಿಲ್ಲನ್ನು ಮಧ್ಯಾಹ್ನ ನಿಲ್ಲಿಸಿ ರಾತ್ರಿ ಓಡಿಸಲಿ. ಮಿಲ್ಲಿಗೆ ಕಾಯುವ ಶಕ್ತಿಯಿದೆ, ಕಿಲ್ನಿಗೆ ಇಲ್ಲ.

ಚಿಮಣಿಯ ಹೊಗೆ ಬಣ್ಣ ಬದಲಾಗಿದೆ, ಬೂದಿ ಕಪ್ಪಾಗಿದೆ

ಕಪ್ಪು ಹೊಗೆ ಅಂದರೆ ಗಾಳಿ ಸಾಲದು, ಆಕ್ಸಿಜನ್ ನೋಡಿ. ಬೂದು ಬಣ್ಣದ ದೂಳು ಅಂದರೆ ಇಎಸ್‌ಪಿ, ಹೊಗೆಯ ದೂಳನ್ನು ವಿದ್ಯುತ್ ಚಾರ್ಜಿನಿಂದ ಹಿಡಿಯುವ ಯಂತ್ರ. ಹೆಚ್ಚಿನ ಸಲ ಹಾಪರ್ ತುಂಬಿ ಬೂದಿ ಪ್ಲೇಟಿನವರೆಗೆ ಏರಿ ಇಎಸ್‌ಪಿಯ ಆ ಭಾಗ (ಫೀಲ್ಡ್) ಶಾರ್ಟ್ ಆಗಿರುತ್ತದೆ. ಆ ಫೀಲ್ಡಿನ ವೋಲ್ಟೇಜ್ ಬಿದ್ದು ಕರೆಂಟ್ ಏರಿದ್ದರೆ ಇದೇ ಕಾರಣ. ಹಾಪರ್ ಹೀಟರ್, ಬೂದಿ ಸಾಗಿಸುವ ಗಾಳಿ ಎರಡೂ ಸರಿಮಾಡಿ. 2004ರಿಂದ 2016ರ ಒಳಗೆ ಹಾಕಿದ ಯೂನಿಟ್‌ಗಳಿಗೆ ದೂಳಿನ ಮಿತಿ ಘನ ಮೀಟರಿಗೆ 50 ಮಿಲಿಗ್ರಾಂ. ಇಎಸ್‌ಪಿ ಒಳಗೆ ಹೋಗುವುದಾದರೆ ಅರ್ತಿಂಗ್ ಮಾಡದೆ, ಗ್ಯಾಸ್ ಪರೀಕ್ಷೆ ಮಾಡದೆ ಬಾಗಿಲು ತೆರೆಯಬೇಡಿ. ಕರೆಂಟ್ ತೆಗೆದ ಮೇಲೂ ಪ್ಲೇಟಿನಲ್ಲಿ ಚಾರ್ಜ್ ಉಳಿದಿರುತ್ತದೆ.

ಬೂದಿಯ ಬಣ್ಣಕ್ಕೆ ನಮ್ಮಲ್ಲಿ ಬೇರೆ ಬೆಲೆಯಿದೆ. ಅದು ಪಕ್ಕದಲ್ಲೇ ಹಾರುಬೂದಿ ಬೆರೆಸುವ ಪಿಪಿಸಿ ಸಿಮೆಂಟಿಗೆ ಹೋಗುತ್ತದೆ. ಪಿಪಿಸಿಯಲ್ಲಿ 15ರಿಂದ 35 ಶೇಕಡಾ ಹಾರುಬೂದಿ ಇರಬಹುದು. ಆ ಬೂದಿಯಲ್ಲಿ ಸುಟ್ಟಾಗ ಕಳೆಯುವ ಅಂಶ 5 ಶೇಕಡಾ ಮೀರಬಾರದು. ಒಂದು ಚಿಟಿಕೆ ಬಿಳಿ ಹಾಳೆಯ ಮೇಲೆ ಉಜ್ಜಿ ನೋಡಿ. ಕಾಡಿಗೆಯಂಥ ಗೆರೆ ಬಂದರೆ ಉರಿಯದ ಇಂಗಾಲ ಹಾರಿಹೋಗುತ್ತಿದೆ. ಪುಡಿ ಕಲ್ಲಿದ್ದಲು ಜಾಸ್ತಿ, ಪಿಎ ಗಾಳಿ ಜಾಸ್ತಿ, ಬೆಡ್ ತಾಪ ಕಡಿಮೆ, ಈ ಕ್ರಮದಲ್ಲಿ ಹುಡುಕಿ. ಸಿಮೆಂಟ್ ಕಡೆಯವರಿಗೆ ಅಂದೇ ಹೇಳಿಬಿಡಿ, ಅವರ ಚೀಲದ ಬಣ್ಣ ಕೆಡುವ ಮೊದಲು.

ಯಾರ್ಡಿನಲ್ಲಿ ಸೀಮೆಎಣ್ಣೆಯಂಥ ವಾಸನೆ

ಕಲ್ಲಿದ್ದಲು ರಾಶಿ ಒಳಗೊಳಗೇ ಬಿಸಿಯಾಗುತ್ತಿದೆ. ಬೆಳಗಿನ ಜಾವ ಸುತ್ತು ಹಾಕಿ: ಇಬ್ಬನಿ ಬಿದ್ದ ರಾಶಿಯಲ್ಲಿ ಒಂದು ಜಾಗ ಮಾತ್ರ ಒಣಗಿದ್ದರೆ, ಅಲ್ಲಿಂದ ತೆಳು ಆವಿ ಏಳುತ್ತಿದ್ದರೆ, ಅದೇ ಜಾಗ. ಉದ್ದ ಕಬ್ಬಿಣದ ರಾಡ್ ತೂರಿಸಿ, ಹತ್ತು ನಿಮಿಷ ಬಿಟ್ಟು ಹೊರಗೆಳೆದು ತಾಪ ನೋಡಿ. 60 ದಾಟಿದ್ದರೆ ಆ ಭಾಗ ಅಗೆದು, ತೆಳ್ಳಗೆ ಹರಡಿ, ತಣಿದ ಮೇಲೆ ಮೊದಲು ಬಳಸಿ. ಹೊತ್ತಿ ಉರಿಯುತ್ತಿರುವ ಭಾಗವನ್ನು ಅಗೆಯಲು ನೀವೇ ಹೋಗಬೇಡಿ, ಫೈರ್ ತಂಡ ಬರಲಿ. ಮೇಲಿಂದ ಪೈಪ್ ಹಿಡಿದು ನೀರು ಬಿಡುವುದರಿಂದ ಮೇಲೆ ತಣಿಯುತ್ತದೆ, ಒಳಗೆ ಕಾವು ಹಾಗೇ ಉಳಿಯುತ್ತದೆ. ಕಾದ ಕಲ್ಲಿದ್ದಲು ಮಾತ್ರ ಬೆಲ್ಟ್ ಹತ್ತಬಾರದು. ಅದು ಬಂಕರಿನಲ್ಲಿ ಬೆಂಕಿಯಾಗುತ್ತದೆ.

ಟರ್ಬೈನ್ ಅದುರು ಏರುತ್ತಿದೆ

ಇಲ್ಲಿ ಆಪರೇಟರ್ ಮಾಡುವುದು ಕಡಿಮೆ. ಅದುರು ಅಳೆಯುವ ಒಂದೇ ಪ್ರೋಬ್ ಏರಿದೆಯಾ, ಅದೇ ಬೇರಿಂಗಿನ ಇನ್ನೊಂದು ಪ್ರೋಬೂ ಏರಿದೆಯಾ ನೋಡಿ. ಬೇರಿಂಗಿಗೆ ಹೋಗುವ ಎಣ್ಣೆಯ ತಾಪ ಸಾಮಾನ್ಯವಾಗಿ 40-45 ಡಿಗ್ರಿ, ಅದು ಬದಲಾಗಿದೆಯಾ ನೋಡಿ. ಸ್ಟೀಮ್ ತಾಪ ಒಮ್ಮೆಲೇ ಬಿದ್ದಿದೆಯಾ? ಬಿದ್ದಿದ್ದರೆ ನೀರು ಸೇರುತ್ತಿರಬಹುದು, ಕಾಯದೆ ಟ್ರಿಪ್ ಮಾಡಿ. ಸ್ಟಾರ್ಟಪ್‌ನಲ್ಲಿ ಅದುರಿದರೆ ಮತ್ತೆ ಬ್ಯಾರಿಂಗಿಗೆ (ರೋಟರನ್ನು ನಿಧಾನಕ್ಕೆ ತಿರುಗಿಸುವ ಗೇರಿಗೆ) ಹಾಕಿ, ರೋಟರ್ ನೇರವಾಗಲು ಸಮಯ ಕೊಡಿ. ಇದರಾಚೆ ಟರ್ಬೈನ್ ಮಾಡಿದ ಕಂಪನಿಯವರದ್ದೇ ಕೆಲಸ.

ಗ್ರಿಡ್ ಹೋಯಿತು, ಜೊತೆಗೆ ನಾವೂ ಹೋದೆವು

ಗ್ರಿಡ್ ಬಿದ್ದಾಗ ನಮ್ಮ ಪ್ಲಾಂಟ್ ಬೇರ್ಪಟ್ಟು ಒಂಟಿಯಾಗಿ ಓಡಬೇಕು. ಓಡಲಿಲ್ಲ ಅಂದರೆ ಕಾರಣ ತಿಳಿಯಲು ಒಂದೇ ಅಂಕಿ ಸಾಕು: ಟ್ರಿಪ್‌ಗೆ ಒಂದು ನಿಮಿಷ ಮೊದಲು ನಾವು ಗ್ರಿಡ್ಡಿಗೆ ಕೊಡುತ್ತಿದ್ದೆವಾ, ತೆಗೆದುಕೊಳ್ಳುತ್ತಿದ್ದೆವಾ? ಕೊಡುತ್ತಿದ್ದರೆ ಒಮ್ಮೆಲೇ ಲೋಡ್ ಇಳಿದು ವೇಗ ಏರುತ್ತದೆ, ಓವರ್‌ಸ್ಪೀಡ್‌ನಲ್ಲಿ ಬಿದ್ದಿರುತ್ತೇವೆ. ಆಗ ವೇಗ ಹಿಡಿದಿಡುವ ಗವರ್ನರ್ ಮತ್ತು ಕಂಟ್ರೋಲ್ ವಾಲ್ವ್ ಕಡೆ ನೋಡಿ. ತೆಗೆದುಕೊಳ್ಳುತ್ತಿದ್ದರೆ ಇಡೀ ಫ್ಯಾಕ್ಟರಿಯ ಭಾರ ನಮ್ಮ ಮೇಲೆ ಬಿದ್ದು ಫ್ರೀಕ್ವೆನ್ಸಿ 50 ಹರ್ಟ್ಸಿನಿಂದ ಜಾರುತ್ತದೆ. ಆಗ ಲೋಡ್ ಕಡಿಯುವ ಪಟ್ಟಿ ನೋಡಿ. ನಾನು ಕಂಡಂತೆ ತಪ್ಪು ಹೆಚ್ಚಾಗಿ ಅಲ್ಲೇ ಇರುತ್ತದೆ. ಎರಡು ವರ್ಷದ ಹಿಂದೆ ಹೊಸ ಮಿಲ್ ಮೋಟಾರ್ ಬಂದಿರುತ್ತದೆ, ಪಟ್ಟಿಯಲ್ಲಿ ಅದರ ಹೆಸರೇ ಇರುವುದಿಲ್ಲ. ಸಿಮೆಂಟ್ ಮಿಲ್ಲುಗಳು ಮೊದಲು ಬೀಳಬೇಕು, ಆಮೇಲೆ ರಾ ಮಿಲ್, ಕ್ರಷರ್. ಕಿಲ್ನ್ ಕೊನೆಗೆ. ರಿಲೇ ಸೆಟ್ಟಿಂಗ್ ಮಾತ್ರ ಪ್ರೊಟೆಕ್ಷನ್ ಇಂಜಿನಿಯರ್ ಬಿಟ್ಟು ಬೇರೆ ಯಾರೂ ಮುಟ್ಟಬಾರದು. ಗ್ರಿಡ್ ವಾಪಸ್ ಬಂದಾಗ ಸಿಂಕ್ ಚೆಕ್ (ನಮ್ಮ ಕರೆಂಟ್ ಗ್ರಿಡ್ಡಿಗೆ ಹೊಂದುತ್ತದೆಯಾ ಅನ್ನುವ ಪರೀಕ್ಷೆ) ಬೈಪಾಸ್ ಮಾಡಿ ಬ್ರೇಕರ್ ಹಾಕುವುದಂತೂ ಬೇಡವೇ ಬೇಡ, ಜನರೇಟರ್ ಶಾಫ್ಟ್ ತಿರುಚಿಕೊಳ್ಳುತ್ತದೆ.

ಎಲ್ಲ ಕತ್ತಲಾಗಿದ್ದರೆ ಎರಡು ವಸ್ತುಗಳು ತಿರುಗುತ್ತಿರಲೇಬೇಕು, ನಮ್ಮ ರೋಟರ್ ಮತ್ತು ಅವರ ಕಿಲ್ನ್. ಎರಡೂ ಬಿಸಿಯಿದ್ದಾಗ ನಿಂತರೆ ಬಾಗುತ್ತವೆ. ಟರ್ಬೈನ್ ಇಳಿಯುವಾಗ ಬ್ಯಾಟರಿಯ ಡಿಸಿ ಲ್ಯೂಬ್ ಆಯಿಲ್ ಪಂಪ್ ತಾನಾಗೇ ಹತ್ತಿಕೊಂಡಿತಾ ಅಂತ ಮೊದಲು ಕೇಳಿ. ಹತ್ತದಿದ್ದರೆ ಕೈಯಾರೆ ಹಾಕಿ. ಡಿಜಿ (ಡೀಸೆಲ್ ಜನರೇಟರ್) ಬಂದ ಮೇಲೆ ಮೊದಲ ಕರೆಂಟ್ ಬ್ಯಾರಿಂಗ್ ಗೇರಿಗೆ, ಕಿಲ್ನಿನ ಸಹಾಯಕ ಡ್ರೈವಿಗೆ, ಬ್ಯಾಟರಿ ಚಾರ್ಜರಿಗೆ. ಆಫೀಸ್ ಎಸಿ, ಕಾಲೊನಿ ಲೈಟ್ ಕಾಯಲಿ. ಈ ಮೂರೂ ಫೀಡರ್‌ಗಳ ನಂಬರನ್ನು ಕೆಂಪು ಬಣ್ಣದಲ್ಲಿ ಡಿಜಿ ಪ್ಯಾನಲಿನ ಮೇಲೆಯೇ ಬರೆಸಿಡಿ. ಕತ್ತಲಲ್ಲಿ ಟಾರ್ಚ್ ಹಿಡಿದು ಓಡಿ ಬಂದವನಿಗೆ ಡ್ರಾಯಿಂಗ್ ಹುಡುಕುವಷ್ಟು ಹೊತ್ತು ಇರುವುದಿಲ್ಲ.